ರಾತ್ರಿಯಿಡೀ ಕಾರು ಚಾರ್ಜಿಗೆ: ಹಳೇ ಮನೆಯ ವೈರಿಂಗ್ ತಡೆಯುತ್ತಾ?

(ದಾವಣಗೆರೆಯ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡೋ ಮೊದಲು ಈ ಸಾಕೆಟ್ ನೋಡಿ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ಕೊಡಿ. ಎಲ್ಲರ ಕೈಗೂ ಒಮ್ಮೆ ಹೋಗಿ ಬರಲಿ.

ಇದು 15 ಆಂಪಿನ ಪವರ್ ಪ್ಲಗ್ ಪಾಯಿಂಟು. ಮೇಲಿನ ದೊಡ್ಡ ತೂತು ಅರ್ಥ್, ಎಡಗಡೆಯದು ನ್ಯೂಟ್ರಲ್, ಬಲಗಡೆಯದು ಫೇಸ್. ಆ ಬಲಗಡೆ ತೂತಿನ ಅಂಚು ನೋಡಿ, ತಳ ಹಿಡಿದ ಹಾಲಿನ ಪಾತ್ರೆಯ ಹಾಗೆ ಕಂದಿದೆ. ಈಗ ತಿರುಗಿಸಿ ಹಿಂದುಗಡೆ ನೋಡಿ. ಪಿನ್ನನ್ನು ಬಿಗಿಯಾಗಿ ಹಿಡಿಯಬೇಕಾದ ಹಿತ್ತಾಳೆ ತಗಡು ಬಿಗಿ ಕಳಕೊಂಡು ಬಾಯಿ ಬಿಟ್ಟಿದೆ, ಬಣ್ಣ ನೀಲಿ-ಕಪ್ಪು ಆಗಿದೆ. ಅದಕ್ಕೆ ಕಟ್ಟಿದ ವೈರು ಕೆಂಪು ಇತ್ತು. ಸ್ಕ್ರೂ ಹತ್ತಿರ ಈಗ ಕಾಫಿಪುಡಿ ಬಣ್ಣ. ಬಗ್ಗಿಸಿದರೆ ಹಪ್ಪಳದಂತೆ ಮುರಿಯುತ್ತದೆ. ಒಂದು ಗೇಣು ಆಚೆ ಅದೇ ವೈರು ಮೆತ್ತಗೆ, ಚೆನ್ನಾಗೇ ಇದೆ.

ಇದು ಪಿ.ಜೆ. ಬಡಾವಣೆಯ ಒಂದು ಮನೆಯದು. ಮನೆಗೆ ಐವತ್ತು ವರ್ಷ ದಾಟಿದೆ. ಮಗ ಎಲೆಕ್ಟ್ರಿಕ್ ಕಾರು ತಂದರು. ಪೋರ್ಟಿಕೋದಲ್ಲಿ ಈ ಪವರ್ ಪ್ಲಗ್ ಮೊದಲಿಂದಲೂ ಇತ್ತು, ಹಿಂದೆ ಗ್ರೈಂಡರ್ ಹಾಕುತ್ತಿದ್ದರಂತೆ. ಕಾರಿನ ಜೊತೆ ಬಂದ ಚಾರ್ಜರನ್ನು ರಾತ್ರಿ ಅದಕ್ಕೇ ಸಿಕ್ಕಿಸಿ ಮಲಗುತ್ತಿದ್ದರು. ಎರಡನೇ ವಾರ, ಬೆಳಗಿನ ಜಾವ ರಂಗೋಲಿ ಹಾಕೋಕೆ ಬಂದ ಮನೆಯ ಅಮ್ಮನವರಿಗೆ ಮೀನು ಕರಿದಂಥ ವಾಸನೆ ಬಂತು. ಅಪ್ಪಟ ಸಸ್ಯಾಹಾರಿ ಮನೆ. "ಈ ಹೊತ್ತಲ್ಲಿ ಇದೆಲ್ಲಿಂದ ಬಂತಪ್ಪಾ" ಅಂತ ಅವರು ವಾಸನೆ ಹಿಡಿದು ಹೋಗಿ ನಿಂತದ್ದು ಪ್ಲಗ್ ಮುಂದೆ. ಮೇನ್ ಆಫ್ ಮಾಡಿಸಿ ನನಗೆ ಫೋನ್ ಮಾಡಿಸಿದರು. ಸ್ವಿಚ್ಚು, ಸಾಕೆಟ್ಟಿನ ಪ್ಲಾಸ್ಟಿಕ್ ಕಾದಾಗ ಎಷ್ಟೋ ಸಲ ಹೀಗೇ ಮೀನಿನಂಥ ವಾಸನೆ ಬರುತ್ತದೆ. ಇದನ್ನು ದಯವಿಟ್ಟು ಮನೆಯಲ್ಲಿ ಎಲ್ಲರಿಗೂ, ಮಕ್ಕಳಿಗೂ ಹೇಳಿ. ಆ ಅಮ್ಮನ ಮೂಗು ಅವತ್ತು ಮನೆ ಉಳಿಸಿತು.

ಆ ಮನೆಯವರು ಕೇಳಿದ ಮೊದಲ ಪ್ರಶ್ನೆಯೇ ನಿಮ್ಮೆಲ್ಲರ ಪ್ರಶ್ನೆ ಕೂಡ. "ಇಷ್ಟು ವರ್ಷ ಗ್ರೈಂಡರ್ ಓಡಿದೆ, ಗೀಸರ್ ಓಡಿದೆ, ಏನೂ ಆಗಿಲ್ಲ. ಈಗ ಯಾಕೆ?"

ಗೀಸರ್ ಲೆಕ್ಕ ನೋಡೋಣ. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 9 ಆಂಪ್ ಎಳೆಯುತ್ತದೆ. ಇಪ್ಪತ್ತು ನಿಮಿಷದಲ್ಲಿ ನೀರು ಕಾಯುತ್ತದೆ, ಥರ್ಮೋಸ್ಟಾಟ್ ಕಟ್ ಮಾಡುತ್ತದೆ, ವೈರು ತಣ್ಣಗಾಗುತ್ತದೆ. ಇಸ್ತ್ರಿ ಪೆಟ್ಟಿಗೆಯೂ ಹಾಗೇ, ಆನ್ ಆಗಿ ಆಫ್ ಆಗಿ ನಡೆಯುತ್ತದೆ. ಕಾರು ಹಾಗಲ್ಲ. 3.3 ಕಿಲೋವ್ಯಾಟ್ ಅಂದರೆ 14 ಆಂಪಿಗಿಂತ ಜಾಸ್ತಿ. 30 ಯೂನಿಟ್ ಬ್ಯಾಟರಿ ತಳದಿಂದ ತುಂಬಬೇಕಾದರೆ 9 ಗಂಟೆ, ನಡುವೆ ಉಸಿರು ಬಿಡೋಕೂ ಪುರುಸೊತ್ತಿಲ್ಲ. ನಮ್ಮೂರಿನ ಮಂಡಕ್ಕಿ ಭಟ್ಟಿ ನೋಡಿದ್ದೀರಲ್ಲ? ಒಲೆ ಹಚ್ಚಿದ ಹೊಸತರಲ್ಲಿ ಗೋಡೆ ಮುಟ್ಟಬಹುದು. ಮಧ್ಯಾಹ್ನದ ಹೊತ್ತಿಗೆ ಹತ್ತಿರ ನಿಲ್ಲೋಕಾಗಲ್ಲ. ಬೆಂಕಿ ಅಷ್ಟೇ ಇರುತ್ತದೆ, ಅದು ನಿಂತಿರುವುದಿಲ್ಲ ಅಷ್ಟೇ. ನಿಮ್ಮ ಮನೆಯ ವೈರಿಂಗಿಗೆ ಇಡೀ ಆಯುಸ್ಸಿನಲ್ಲಿ ಯಾರೂ ಇಂಥ ಕೆಲಸ ಹೇಳಿರಲಿಲ್ಲ.

ಇನ್ನೊಂದು ವಿಷಯ. ವೈರು, ಜಾಯಿಂಟು ಕಾಯೋದು ಕರೆಂಟಿನ ವರ್ಗಕ್ಕೆ ತಕ್ಕಂತೆ. ಆಂಪ್ ಎರಡರಷ್ಟಾದರೆ ಶಾಖ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಸ್ಕ್ರೂ ಸ್ವಲ್ಪ ಸಡಿಲಾಗಿ ಅಲ್ಲಿ 0.1 ಓಮ್ ರೆಸಿಸ್ಟೆನ್ಸ್ ಹುಟ್ಟಿಕೊಂಡಿದೆ ಅಂತ ಇಟ್ಟುಕೊಳ್ಳಿ. 5 ಆಂಪ್ ಹರಿದರೆ ಅಲ್ಲಿ ಬರೋ ಶಾಖ ಎರಡೂವರೆ ವ್ಯಾಟ್, ಯಾರಿಗೂ ಗೊತ್ತಾಗಲ್ಲ. 15 ಆಂಪ್ ಹರಿದರೆ 22.5 ವ್ಯಾಟ್. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸೀಸ ಕರಗಿಸೋ ಸೋಲ್ಡರಿಂಗ್ ಐರನ್ ಇರುತ್ತಲ್ಲ, ಅದು 25 ವ್ಯಾಟಿನದು. ಅಂಥದೊಂದನ್ನು ಸಾಕೆಟ್ಟಿನ ಬೆನ್ನಿಗೆ ಒತ್ತಿ ಇಟ್ಟು, ಒಂಬತ್ತು ಗಂಟೆ ಆನ್ ಮಾಡಿ, ನಾವು ಒಳಗೆ ಹೋಗಿ ಮಲಗಿದ ಹಾಗಾಯಿತು. ನಿಮ್ಮ ಕೈಗೆ ಬಂದಿರೋ ಸಾಕೆಟ್ಟಿನಲ್ಲಿ ನಡೆದದ್ದು ಇದೇ.

ಈಗ ನಮ್ಮೂರಿನ ಹಳೇ ಮನೆಗಳ ವಿಷಯ. ಹಳೇಪೇಟೆ, ಚೌಕಿಪೇಟೆ ಕಡೆ ಇನ್ನೂ ಕೆಲವು ಮನೆಗಳಲ್ಲಿ ಮರದ ಪಟ್ಟಿ ಮೇಲೆ ಕ್ಲಿಪ್ಪು ಹೊಡೆದ ವೈರಿಂಗ್ ಇದೆ. ರಬ್ಬರ್ ಹೊದಿಕೆ ಒಣಗಿ ಪುಡಿಪುಡಿ ಆಗಿರುತ್ತದೆ. ಎಪ್ಪತ್ತು, ಎಂಬತ್ತರ ದಶಕದ ಮನೆಗಳಲ್ಲಿ ಅಲ್ಯುಮಿನಿಯಂ ವೈರು ಜಾಸ್ತಿ. ಆಮೇಲಿನವು ಗೋಡೆಯೊಳಗಿನ ಪೈಪು, ತಾಮ್ರದ ವೈರು. ತಾಮ್ರ ಇದ್ದರೂ ದಪ್ಪ ನೋಡಬೇಕು. ಹಳೇ ಮೇಸ್ತ್ರಿಗಳು 3/22, 7/22, 7/20 ಅಂತ ಹೇಳುತ್ತಿದ್ದರು. 3/22 ಅಂದರೆ 22 ಗೇಜಿನ ಮೂರು ಎಳೆ, ಸುಮಾರು 1.2 ಸ್ಕ್ವೇರ್ ಎಂಎಂ. ಅದು ಲೈಟು, ಫ್ಯಾನಿಗೆ ಎಳೆದದ್ದು. 7/22 ಸುಮಾರು 2.8 ಬರುತ್ತದೆ, 7/20 ಸುಮಾರು 4.6. ಪವರ್ ಪ್ಲಗ್ಗಿಗೆ 7/20 ಎಳೆದ ಪುಣ್ಯಾತ್ಮರ ಮನೆಗಳನ್ನೂ ನೋಡಿದ್ದೇನೆ. ಖರ್ಚು ಉಳಿಸೋಕೆ 3/22 ಎಳೆದು, ಮುಂದೆ ದೊಡ್ಡ ಸಾಕೆಟ್ ಕೂರಿಸಿ ಹೋದ ಮನೆಗಳನ್ನೂ ನೋಡಿದ್ದೇನೆ. ಸಾಕೆಟ್ ಮೇಲೆ 15 ಅಂತ ಬರೆದ ಮಾತ್ರಕ್ಕೆ ಅದರ ಹಿಂದಿನ ವೈರು 15 ಹೊರುತ್ತದೆ ಅಂತ ನಂಬಬೇಡಿ.

ಅಲ್ಯುಮಿನಿಯಂ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಮೆತ್ತನೆ ಲೋಹ. ಸ್ಕ್ರೂ ಬಿಗಿ ಮಾಡಿದರೆ ಆ ಒತ್ತಿಗೆ ನಿಧಾನವಾಗಿ ಜರುಗಿ ತೆಳ್ಳಗಾಗುತ್ತದೆ. ಬಿಗಿ ಮಾಡಿದ ಸ್ಕ್ರೂ ವರ್ಷ ಕಳೆಯೋದರಲ್ಲಿ ತಾನೇ ಸಡಿಲ. ಗಾಳಿಗೆ ಅದರ ಮೇಲೆ ಒಂದು ಪೊರೆ ಬೆಳೆಯುತ್ತದೆ, ಆ ಪೊರೆ ಕರೆಂಟ್ ಬಿಡೋದಿಲ್ಲ. ತಾಮ್ರದ ಜೊತೆ ಸೇರಿಸಿ ಸುಮ್ನೆ ತಿರುಚಿ ಟೇಪ್ ಸುತ್ತಿದ್ದರೆ ಇನ್ನೂ ಕೆಟ್ಟದ್ದು. ರಾತ್ರಿ ಕಾದು ಹಿಗ್ಗಿ, ಹಗಲು ತಣ್ಣಗಾಗಿ ಕುಗ್ಗಿ, ದಿನಕ್ಕೊಂದಿಷ್ಟು ಬಿಡುತ್ತಾ ಹೋಗುತ್ತದೆ. ಅಂಥ ಜಾಯಿಂಟು ಎಲ್ಲಿದೆ ಅಂತ ನಿಮಗೆ ಕಾಣೋದೂ ಇಲ್ಲ. ಪೋರ್ಟಿಕೋದ ಪ್ಲಗ್ಗಿಗೆ ಲೈನು ಅಡುಗೆಮನೆಯಿಂದ ಬಂದಿರಬಹುದು, ಹಾಲಿನ ಬೋರ್ಡಿನಿಂದ ಲೂಪ್ ಆಗಿರಬಹುದು. ಹೊಸ ಸಾಕೆಟ್ ಹಾಕಿಸಿ ಸಮಾಧಾನ ಮಾಡಿಕೊಂಡರೆ, ಗೋಡೆಯೊಳಗಿನ ಜಂಕ್ಷನ್ ಬಾಕ್ಸಿನಲ್ಲಿ ಅದೇ ಸುಡೋದು ನಡೆಯುತ್ತಿರುತ್ತದೆ.

"ಫ್ಯೂಸ್ ಇದೆಯಲ್ಲ, ಹೋಗುತ್ತೆ ಬಿಡಿ" ಅನ್ನುತ್ತಾರೆ. ಪಿಂಗಾಣಿ ಕಟೌಟ್ ಇರುವ ಮನೆಗಳಲ್ಲಿ ನಾನು ಮೊದಲು ಬಿಚ್ಚಿ ನೋಡೋದು ಅದರ ತಂತಿ. ಯಾವತ್ತೋ ರಾತ್ರಿ ಫ್ಯೂಸ್ ಹೋಗಿ, ಮನೆಯಲ್ಲಿ ಸರಿಯಾದ ತಂತಿ ಇಲ್ಲದೆ, ಯಾವುದೋ ವೈರಿನ ನಾಲ್ಕು ಎಳೆ ತಿರುಚಿ ಹಾಕಿರುತ್ತಾರೆ. ಮನೆ ಸುಟ್ಟರೂ ಅದು ಹೋಗಲ್ಲ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗೋ ಸ್ವಿಚ್ಚು, ಇದ್ದವರೂ ಕೇಳಿ. 16 ಆಂಪಿನ ಎಂಸಿಬಿ 18 ಆಂಪನ್ನು ಒಂದು ಗಂಟೆ ಬಿಡಲೇಬೇಕು ಅನ್ನೋದು ಅದನ್ನು ಮಾಡುವ ನಿಯಮ. 23 ಆಂಪ್ ಹರಿದರೂ ಗಂಟೆಯೊಳಗೆ ಟ್ರಿಪ್ ಆದರೆ ಸಾಕು. ಇದಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ. ಸಡಿಲ ಜಾಯಿಂಟು ಸುಡುವಾಗ ಕರೆಂಟ್ ಜಾಸ್ತಿ ಹರಿಯೋದೇ ಇಲ್ಲ. 14 ಆಂಪ್ ಹರಿಯುತ್ತಲೇ ಸುಡುತ್ತದೆ. ಎಂಸಿಬಿಗೆ ಅದು ಗೊತ್ತೇ ಆಗಲ್ಲ.

ಇನ್ನು ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸೋ ದಾರಿ. ಇವತ್ತು ನಾನು ಬಂದದ್ದೇ ಇದನ್ನು ಹೇಳೋಕೆ.

ಹಳೇ ಮನೆಗಳಲ್ಲಿ ಅರ್ಥ್ ವೈರನ್ನು ಎಷ್ಟೋ ಕಡೆ ನಲ್ಲಿ ಪೈಪಿಗೆ ಕಟ್ಟಿದ್ದಾರೆ. ಆಗ ಅದು ಕಬ್ಬಿಣದ ಪೈಪು, ನೆಲದೊಳಗೆ ದೂರ ಹೋಗುತ್ತಿತ್ತು. ಆಮೇಲೆ ಬೀದಿಯಲ್ಲಿ ಪಿವಿಸಿ ಪೈಪ್ ಬಂತು, ಅವತ್ತಿಗೆ ಮನೆಯ ಅರ್ಥಿಂಗ್ ಮುಗಿಯಿತು. ಮನೆಯವರಿಗೆ ಗೊತ್ತಿಲ್ಲ. ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಪೈಪ್ ಇಳಿಸಿದ ಮನೆಗಳಲ್ಲೂ ಗುಂಡಿ ಎಲ್ಲಿದೆ ಅಂತ ಕೇಳಿದರೆ ಕಾಂಕ್ರೀಟಿನ ಕೆಳಗೆ. ನೀರು ಹಾಕಿ ಇಪ್ಪತ್ತು ವರ್ಷ. ನಮ್ಮ ಕಡೆ ಎರೆ ಮಣ್ಣು ಇರುವಲ್ಲಿ ಮಳೆಗಾಲದಲ್ಲಿ ತೇವ ಚೆನ್ನಾಗಿ ಹಿಡಿಯುತ್ತದೆ. ಏಪ್ರಿಲ್ ಬಂದರೆ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ಚಿತ್ರದುರ್ಗದ ಕಡೆಯವರಿಗೆ ಕಷ್ಟ ಬೇರೆ ಥರ. ಅಗೆದರೆ ಬಂಡೆ, ಮೇಲಿನ ಮಣ್ಣು ಒಣ. ಅಲ್ಲಿ ಒಂದು ಗುಂಡಿ ಸಾಲದು, ಎರಡು ತೋಡಿ ಜೋಡಿಸಬೇಕಾಗುತ್ತದೆ.

ಅರ್ಥಿಂಗ್ ಇದೆಯಾ ಅಂತ ನೋಡೋಕೆ ಎಲೆಕ್ಟ್ರಿಷಿಯನ್ ಫೇಸಿಗೂ ಅರ್ಥಿಗೂ 100 ವ್ಯಾಟಿನ ಬಲ್ಬ್ ಹಿಡಿದು ಉರಿಸುತ್ತಾರೆ. ಚೆನ್ನಾಗಿ ಉರಿದರೆ "ಅರ್ಥಿಂಗ್ ಸೂಪರ್ ಇದೆ ಸಾರ್" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಆದರೆ ಆ ಪರೀಕ್ಷೆ ಸಾಲದು. 100 ವ್ಯಾಟ್ ಬಲ್ಬ್ ಎಳೆಯೋದು ಅರ್ಧ ಆಂಪಿಗಿಂತ ಕಮ್ಮಿ. ಗುಂಡಿ ಒಣಗಿ ಅರ್ಥಿನ ರೆಸಿಸ್ಟೆನ್ಸ್ 20 ಓಮ್ ಆಗಿದ್ದರೂ ಬಲ್ಬಿಗೆ ಹೋಗೋ ವೋಲ್ಟಿನಲ್ಲಿ ಹೆಚ್ಚುಕಮ್ಮಿ 8 ಮಾತ್ರ ಇಳಿಯುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಅದೇ 20 ಓಮ್ ಅರ್ಥಿಂಗ್ ಇರುವ ಮನೆಯಲ್ಲಿ ಫೇಸ್ ವೈರು ಕಾರಿನ ಬಾಡಿಗೆ ತಾಗಿತು ಅನ್ನಿ. 230 ಭಾಗಿಸು 20, ಹನ್ನೊಂದೂವರೆ ಆಂಪ್ ನೆಲಕ್ಕೆ ಹರಿಯುತ್ತದೆ. 15 ಆಂಪಿನ ಫ್ಯೂಸ್ ಹೋಗುತ್ತಾ? ಹೋಗಲ್ಲ. ಕಾರಿನ ಬಾಡಿಯಲ್ಲಿ ಕರೆಂಟ್ ಹಾಗೇ ನಿಂತಿರುತ್ತದೆ. ಕಾರು ನಿಂತಿರೋದು ರಬ್ಬರ್ ಚಕ್ರದ ಮೇಲೆ. ಅಂಗಳ ತೊಳೆದ ನೀರಿನಲ್ಲಿ ಬರಿಗಾಲಲ್ಲಿ ನಿಂತು ಮಗು ಬಾಗಿಲು ಮುಟ್ಟಿದರೆ ಏನಾಗುತ್ತದೆ, ನಾನು ಹೇಳಬೇಕಿಲ್ಲ.

ಅದಕ್ಕೇ ಎರಡು ಬೇಕು. ಅರ್ಥ್ ಮೆಗ್ಗರ್, ಅಂದರೆ ಅರ್ಥಿನ ರೆಸಿಸ್ಟೆನ್ಸ್ ಅಳೆಯೋ ಮೀಟರ್, ಇಟ್ಟು ಅಳೆಸಿ, 5 ಓಮಿಗಿಂತ ಕಮ್ಮಿ ಬರುವಂತೆ ನೋಡಿಕೊಳ್ಳಿ. ಜೊತೆಗೆ ಕಾರಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಅದು ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ವ್ಯತ್ಯಾಸ ನೋಡುತ್ತದೆ, ಸ್ವಲ್ಪ ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಮಾಡುತ್ತದೆ. ಅಂಗಡಿಯಲ್ಲಿ "ಎ ಟೈಪ್" ಅಂತ ಕೇಳಿ ತೆಗೆದುಕೊಳ್ಳಿ. ಕಾರಿನೊಳಗೆ ಎಸಿಯನ್ನು ಡಿಸಿ ಮಾಡುವ ಯಂತ್ರ ಇದೆ, ಡಿಸಿ ಸೋರಿದರೆ ಮಾಮೂಲಿ "ಎಸಿ ಟೈಪ್" ಮಂಕಾಗಿಬಿಡಬಹುದು. ಚಾರ್ಜರ್ ಬಾಕ್ಸಿನೊಳಗೆ 6 ಮಿಲಿಆಂಪ್ ಡಿಸಿ ಸೋರಿಕೆ ಹಿಡಿಯುವ ವ್ಯವಸ್ಥೆ ಇದೆಯಾ ಅಂತಲೂ ಕೇಳಿ. ಆರ್‌ಸಿಸಿಬಿ ಮೇಲಿನ ಟಿ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ.

ಈಗ ನನಗೆ ಸಂಕಟ ಆದ ಒಂದು ವಿಷಯ. ಒಳ್ಳೆ ಚಾರ್ಜರುಗಳು ಅರ್ಥಿಂಗ್ ಇಲ್ಲದಿದ್ದರೆ ಕೆಂಪು ದೀಪ ಹಾಕಿ ನಿಂತುಬಿಡುತ್ತವೆ. ಒಂದು ಮನೆಯಲ್ಲಿ ಹೀಗಾಯಿತು. ಚಾರ್ಜರ್ ಕೂರಿಸೋಕೆ ಬಂದ ಹುಡುಗ ಸಾಕೆಟ್ ಬಿಚ್ಚಿ, ನ್ಯೂಟ್ರಲ್ಲಿನಿಂದ ಅರ್ಥ್ ಪಿನ್ನಿಗೆ ಎರಡು ಇಂಚಿನ ವೈರು ಕೊಟ್ಟು ಮುಚ್ಚಿದ. ಹಸಿರು ದೀಪ ಬಂತು. ಮನೆಯವರಿಗೆ ಖುಷಿ. ಆ ಎರಡು ಇಂಚಿನ ವೈರನ್ನು ಬೇರೆಬೇರೆ ಮೂರು ಮನೆಗಳಲ್ಲಿ ನನ್ನ ಕೈಯಾರೆ ಕಿತ್ತು ಹಾಕಿದ್ದೇನೆ. ಕಂಬದ ಹತ್ತಿರವೋ, ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ ಒಮ್ಮೆ ಬಿಟ್ಟರೆ ಸಾಕು. ಮನೆಯೊಳಗೆ ಆನ್ ಇರುವ ಫ್ರಿಜ್ಜು, ಲೈಟು, ಫ್ಯಾನಿನ ಮೂಲಕ ಹರಿದು ಬಂದ ಕರೆಂಟಿಗೆ ವಾಪಸ್ ದಾರಿ ಇಲ್ಲ. ಆ ಎರಡು ಇಂಚಿನ ವೈರು ಹಿಡಿದು ನೇರ ಕಾರಿನ ಬಾಡಿಗೆ ಬರುತ್ತದೆ. ಕಾರಿನ ಬಾಡಿಯೊಳಕ್ಕೆ ಸೋರಿದ ಕರೆಂಟ್ ಅದೇ ವೈರಿನಿಂದ ನ್ಯೂಟ್ರಲ್ಲಿಗೆ ವಾಪಸ್ ಹೋಗೋದರಿಂದ ಆರ್‌ಸಿಸಿಬಿಯ ಕಣ್ಣಿಗೂ ಮಣ್ಣೆರಚಿದ ಹಾಗೆ. ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಕಳಿಸಿದವರು ಹೇಳಿಕೊಡಬೇಕಿತ್ತು. ನಿಮ್ಮ ಮನೆಯಲ್ಲಿ ಕೆಂಪು ದೀಪ ಇದ್ದದ್ದು ಐದು ನಿಮಿಷದಲ್ಲಿ ಹಸಿರಾಗಿದ್ದರೆ, ಏನು ಮಾಡಿದರು ಅಂತ ಬಿಚ್ಚಿಸಿ ನೋಡಿ.

ಹಾಗಾದರೆ ಹಳೇ ಮನೆಯವರು ಏನು ಮಾಡಬೇಕು? ಇಡೀ ಮನೆ ಒಡೆಯಬೇಕಿಲ್ಲ. ಕಾರಿಗೆ ಅಂತಲೇ ಒಂದು ಲೈನ್ ಎಳೆಸಿ. ಮೀಟರ್ ಬೋರ್ಡಿನಿಂದ ನೇರ ಪೋರ್ಟಿಕೋಗೆ, ನಡುವೆ ಒಂದೂ ಜಾಯಿಂಟ್ ಇಲ್ಲದೆ, 4 ಸ್ಕ್ವೇರ್ ಎಂಎಂ ತಾಮ್ರದ ಎಫ್‌ಆರ್ (ಬೆಂಕಿ ಬೇಗ ಹಬ್ಬದ ಹೊದಿಕೆಯ) ವೈರು. ಫೇಸು, ನ್ಯೂಟ್ರಲ್ಲಿನ ಜೊತೆಗೇ ಹಸಿರು ಅರ್ಥ್ ವೈರೂ ಬರಲಿ. ಆ ಲೈನಿಗೆ 20 ಆಂಪಿನ ಎಂಸಿಬಿ, ಆರ್‌ಸಿಸಿಬಿ. ಕೊನೆಯಲ್ಲಿ ಪಿನ್ನನ್ನು ಬಿಗಿಯಾಗಿ ಹಿಡಿಯುವ ಒಳ್ಳೆ 16 ಆಂಪ್ ಸಾಕೆಟ್, ಸೊಂಟದೆತ್ತರದಲ್ಲಿ, ಮಳೆ ಎರಚಲು ಬೀಳದ ಕಡೆ. ಆ ಲೈನಿಗೆ ಬೇರೆ ಏನೂ ಬೇಡ, ಪೋರ್ಟಿಕೋ ಲೈಟೂ ಬೇಡ. ಚಾರ್ಜರ್ ಬಾಕ್ಸನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ. ಅದರ ಭಾರ ಪ್ಲಗ್ಗಿನ ಮೇಲೆ ಬಿದ್ದರೆ ಪಿನ್ ವಾಲಿ ಸಡಿಲಾಗುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್, ಮಲ್ಟಿಪ್ಲಗ್, ಸುರುಳಿ ಸುತ್ತಿದ ವೈರು ಒಂದು ರಾತ್ರಿಗೂ ಬೇಡ. ಕೆಲಸ ಪರವಾನಗಿ ಇರುವ ಗುತ್ತಿಗೆದಾರರಿಂದಲೇ ಆಗಲಿ.

ಎರಡನೇ ಮಾತು, ಆಂಪ್ ಇಳಿಸಿ. ಎಷ್ಟೋ ಕಾರುಗಳಲ್ಲಿ, ಚಾರ್ಜರುಗಳಲ್ಲಿ ಎಷ್ಟು ಆಂಪ್ ಎಳೆಯಬೇಕು ಅಂತ ನಾವೇ ಇಡಬಹುದು. 15ರಿಂದ 10ಕ್ಕೆ ಇಳಿಸಿದರೆ ಅದೇ ಸಡಿಲ ಜಾಯಿಂಟಿನಲ್ಲಿ 22.5 ವ್ಯಾಟ್ ಇದ್ದದ್ದು 10 ವ್ಯಾಟಿಗೆ ಬರುತ್ತದೆ. 8 ಆಂಪಿಗೆ ಇಟ್ಟರೆ ಆರೂವರೆಯೂ ಇಲ್ಲ. "ಹಾಗಾದ್ರೆ ಬೆಳಿಗ್ಗೆಗೆ ತುಂಬುತ್ತಾ?" ಲೆಕ್ಕ ಹಾಕೋಣ. ಒಂದು ಯೂನಿಟ್ಟಿಗೆ 7 ಕಿಲೋಮೀಟರ್ ಹಿಡಿಯೋಣ. ಹರಿಹರಕ್ಕೆ ಹೋಗಿ ಬಂದು, ಊರೊಳಗೆ ಒಂದು ಸುತ್ತು ಹೊಡೆದರೆ 40 ಕಿಲೋಮೀಟರ್. ಚಾರ್ಜ್ ಆಗುವಾಗ ಪೋಲಾಗೋದೂ ಸೇರಿ 7 ಯೂನಿಟ್. 10 ಆಂಪ್ ಅಂದರೆ 2.3 ಕಿಲೋವ್ಯಾಟ್, ಮೂರು ಗಂಟೆಯಲ್ಲಿ ಮುಗಿಯಿತು. ಚಿತ್ರದುರ್ಗಕ್ಕೆ ಹೋಗಿ ಬಂದರೂ ಸುಮಾರು 120 ಕಿಲೋಮೀಟರ್, 20 ಯೂನಿಟ್, ಒಂಬತ್ತು ಗಂಟೆಯೊಳಗೆ ತುಂಬುತ್ತದೆ. ರಾತ್ರಿ ಹತ್ತೂವರೆ ಮೇಲೆ ಶುರುವಾಗುವಂತೆ ಟೈಮರ್ ಇಡಿ. ಅಷ್ಟೊತ್ತಿಗೆ ಮನೆಯಲ್ಲಿ ಮಿಕ್ಕ ಲೋಡ್ ಇಳಿದಿರುತ್ತದೆ.

ಆಂಪ್ ಇಳಿಸಿದರೆ ಹಳೇ ಸಾಕೆಟ್ಟೇ ನಡೆಯುತ್ತಾ ಅಂತ ಕೇಳಿದರೆ, ತಾಮ್ರದ ವೈರು, ಅಳೆದು ನೋಡಿದ ಅರ್ಥಿಂಗ್, ಆರ್‌ಸಿಸಿಬಿ ಇದ್ದರೆ ಹೊಸ ಲೈನ್ ಬರುವ ತನಕ 8 ಆಂಪಿನಲ್ಲಿ ನಡೆಸಿ. ಅಲ್ಯುಮಿನಿಯಂ ಅಥವಾ ಪಟ್ಟಿ ವೈರಿಂಗ್ ಇದ್ದರೆ ಬೇಡವೇ ಬೇಡ. ಇದರಲ್ಲಿ ನಾನು ರಾಜಿ ಆಗೋದಿಲ್ಲ.

7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಬೇಕು ಅನ್ನುವವರು ಯೋಚನೆ ಮಾಡಿ. ಅದು 31 ಆಂಪ್ ಎಳೆಯುತ್ತದೆ. ವೈರು ಕನಿಷ್ಠ 6 ಸ್ಕ್ವೇರ್ ಎಂಎಂ ಬೇಕು, ದೂರ ಜಾಸ್ತಿ ಇದ್ದರೆ 10. ಕಂಬದಿಂದ ಬರುವ ಸರ್ವಿಸ್ ವೈರೂ ಹಳೆಯದಾಗಿದ್ದರೆ ಬದಲಾಗಬೇಕು. ಬಿಲ್ಲಿನಲ್ಲಿ ನಿಮ್ಮ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಬರೆದಿರುತ್ತದೆ. ಎಷ್ಟೋ ಹಳೇ ಮನೆಗಳದ್ದು 2, 3. ಸಣ್ಣ ಚಾರ್ಜರ್ ಆದರೂ ಬೆಸ್ಕಾಂಗೆ ಅರ್ಜಿ ಕೊಟ್ಟು ಲೋಡ್ ಜಾಸ್ತಿ ಮಾಡಿಸಿಕೊಳ್ಳಿ. ಗೃಹಜ್ಯೋತಿಯಲ್ಲಿ ಇರುವವರಿಗೆ ಒಂದು ಮಾತು. ದಿನಕ್ಕೆ 7 ಯೂನಿಟ್ ಅಂದರೆ ತಿಂಗಳಿಗೆ 210. ಕಾರೊಂದೇ 200 ದಾಟಿಸುತ್ತದೆ, ಆಗ ಪೂರ್ತಿ ಬಿಲ್ ಕಟ್ಟಬೇಕು. ಇದನ್ನು ಲೆಕ್ಕಕ್ಕೆ ಹಿಡಿದೇ ಕಾರು ತೆಗೆದುಕೊಳ್ಳಿ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಇನ್ವರ್ಟರ್ ಲೈನಿಗೆ ಹಾಕಬಹುದಾ ಅಂತ ಒಬ್ಬರು. ಬೇಡ, ಮನೆಯ ಇನ್ವರ್ಟರಿನ ತಾಕತ್ತು ಒಂದು ಕಿಲೋವ್ಯಾಟಿನ ಆಸುಪಾಸು. ಸ್ಕೂಟರಿಗೂ ಇಷ್ಟೆಲ್ಲ ಬೇಕಾ ಅಂತ ಇನ್ನೊಬ್ಬರು. ಹೆಚ್ಚಿನ ಸ್ಕೂಟರ್ ಚಾರ್ಜರುಗಳು 3, 4 ಆಂಪಿನವು, ವೈರು ತಡೆಯುತ್ತದೆ. ಅರ್ಥಿಂಗ್, ಆರ್‌ಸಿಸಿಬಿ ಮಾತ್ರ ಅದಕ್ಕೂ ಬೇಕು. ಬಾಡಿಗೆ ಮನೆಯ ಅಕ್ಕ ಒಬ್ಬರು "ಓನರ್ ಗೋಡೆ ಕೊರೆಯೋಕೆ ಬಿಡಲ್ಲ" ಅಂದರು. ಗೋಡೆ ಮೇಲೇ ಪಿವಿಸಿ ಪೈಪ್ ಕ್ಲಿಪ್ ಮಾಡಿ ಲೈನ್ ಎಳೆಯಬಹುದು, ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಓನರ್ ಹತ್ತಿರ ನಾನೂ ಬಂದು ಮಾತಾಡುತ್ತೇನೆ ಅಂದೆ.

ಆ ಪಿ.ಜೆ. ಬಡಾವಣೆಯ ಮನೆ ಈಗ ಹೇಗಿದೆ ಅಂತ ಹಿಂದಿನ ಸಾಲಿನ ಯಜಮಾನರು ಕೇಳಿದರು. ಹೊಸ ಲೈನ್ ಎಳೆದೆವು. ಕಾಂಕ್ರೀಟ್ ಒಡೆದು ಹಳೇ ಗುಂಡಿ ಹುಡುಕಿದರೆ ಪೈಪ್ ತುಕ್ಕು ಹಿಡಿದು ಅರ್ಧಕ್ಕೇ ತುಂಡಾಗಿತ್ತು. ಹೊಸ ಗುಂಡಿ ತೋಡಿ ಅಳೆದಾಗ 3 ಓಮ್ ಬಂತು. 10 ಆಂಪಿಗೆ ಇಟ್ಟು ಚಾರ್ಜ್ ಶುರು ಮಾಡಿ, ಒಂದು ಗಂಟೆ ಕಾಯ್ದು, ಪ್ಲಗ್ಗಿನ ಮುಖಕ್ಕೆ ಅಂಗೈ ಹಿಂಬದಿ ಇಟ್ಟು ನೋಡಿದೆ. ಅಮ್ಮನವರಿಗೂ ಇಟ್ಟು ನೋಡಿ ಅಂದೆ. ಪಕ್ಕದ ಗೋಡೆಗಿಂತ ಒಂಚೂರು ಬೆಚ್ಚಗೆ, ಅಷ್ಟೇ. ಈಗ ದಿನಾ ರಾತ್ರಿ ಮಲಗೋ ಮುಂಚೆ ಅವರು ಹಾಗೇ ಮುಟ್ಟಿ ನೋಡುತ್ತಾರಂತೆ. ಬೇಸಿಗೆಯಲ್ಲಿ ತುಳಸಿಗೆ ನೀರು ಹಾಕುವಾಗ ಗುಂಡಿಗೂ ಎರಡು ಚೊಂಬು ಹಾಕುತ್ತಾರೆ.